ಗಿಟಾರ್ ಸುಲಿದ ಕೈ

ಮೊನ್ನೆ ಬೆಳಗಿನ ಚಿತ್ರಾನ್ನದಲ್ಲಿ ನನ್ನ ಹಲ್ಲಿಗೆ ಒಂದು ಪ್ಲೆಕ್ಟ್ರಮ್ ಸಿಕ್ಕಿತು. ಒಗ್ಗರಣೆಯ ಕಡಲೆಕಾಯಿ ಬೀಜಗಳ ಜೊತೆ ಅದೂ ಎಣ್ಣೆಯಲ್ಲಿ ಬಾಡಿ, ಅಂಚು ಮುರುಟಿ, ಅರಿಶಿನ ಬಳಿದುಕೊಂಡು ತಟ್ಟೆಗೆ ಬಂದಿತ್ತು. ಪ್ಲೆಕ್ಟ್ರಮ್ ಎಂದರೆ ಮತ್ತೇನಲ್ಲ, ಗಿಟಾರಿನ ತಂತಿ ಮೀಟಲು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದುಕೊಳ್ಳುವ, ಮೂರು ಮೂಲೆಯ ಒಂದು ಸಣ್ಣ ಪ್ಲಾಸ್ಟಿಕ್ ಬಿಲ್ಲೆ. ಬಾರಿಸುವವರು ಅದನ್ನು ಪಿಕ್ ಎನ್ನುತ್ತಾರೆ. ನನ್ನ ಹೆಂಡತಿ ಲಲಿತ ಅದಕ್ಕೆ ಇಟ್ಟಿರುವ ಹೆಸರು ‘ನಿಮ್ಮ ಪೀಡೆ’.

ನಾನು ಬಾಯಿಂದ ಅದನ್ನು ತೆಗೆದು ತಟ್ಟೆಯ ಅಂಚಿಗಿಟ್ಟು ಅವಳ ಮುಖ ನೋಡಿದೆ. ಅವಳು ಕ್ಷಮೆ ಕೇಳುವ ಪೈಕಿಯಲ್ಲ. ಬೇರೆಯವರ ಮನೆಯಲ್ಲಿ ಊಟಕ್ಕೆ ಕೂತರೆ ಕಲ್ಲು ಸಿಗುತ್ತದಂತೆ, ಕೂದಲು ಸಿಗುತ್ತದಂತೆ, ಅವೆಲ್ಲ ಮಾಡಿದವರ ತಪ್ಪಂತೆ. ಇದು ಮಾತ್ರ ಉಣ್ಣುವವನ ತಪ್ಪು ಅಂದಳು. ಅಲ್ಲಿಗೆ ವಿಚಾರಣೆ ಮುಗಿಯಿತು. ಡಬ್ಬದ ತಳದಲ್ಲಿ ಉಳಿದಿದ್ದ ಬೀಜದಲ್ಲಿ ಅದು ಹೇಗೆ ಸೇರಿಕೊಂಡಿತು ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಅದನ್ನು ಹೇಳಬೇಕಾದರೆ ಕೊಂಚ ಸುತ್ತಿಕೊಂಡು ಹೋಗಬೇಕು. ನಮ್ಮ ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸೇ ನೆಟ್ಟಗೆ ಹೋಗುವುದಿಲ್ಲ, ಇನ್ನು ನಾನು ಹೋಗುತ್ತೇನೆಯೇ?

ನಮ್ಮೂರು ಪಾವಗಡದಿಂದ ನಾಗಲಮಡಿಕೆ ಕಡೆ ಹೋಗುವ ದಾರಿಯಲ್ಲಿದೆ. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಬೈಯುವಾಗ ಪೂರ್ತಿ ತೆಲುಗು. ನಾನು ಚಿಕ್ಕವನಿದ್ದಾಗ ಅಪ್ಪ ಯಾವುದೋ ಕೆಲಸಕ್ಕೆ ಸಿರಾಕ್ಕೆ ಹೋಗುವಾಗ ನನ್ನನ್ನೂ ಅಕ್ಕನನ್ನೂ ಕರೆದುಕೊಂಡು ಹೋಗಿದ್ದರು. ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ನಡೆಯುತ್ತಿತ್ತು. ನನಗೆ ಏನೂ ಕಾಣಿಸದೆ ಅಳು ಶುರುವಾದಾಗ ಅಕ್ಕ ನನ್ನನ್ನು ಎತ್ತಿ ಒಂದು ಕಾಂಪೌಂಡ್ ಗೋಡೆಯ ಮೇಲೆ ಕೂರಿಸಿ, ಬೀಳದ ಹಾಗೆ ಕಾಲು ಹಿಡಿದುಕೊಂಡು ನಿಂತಳು. ವೇದಿಕೆಯ ಮೂಲೆಯಲ್ಲಿ ಮಿಣಮಿಣ ಅಂಗಿ ತೊಟ್ಟ ಒಬ್ಬ ಮನುಷ್ಯ ಗಿಟಾರ್ ಬಾರಿಸುತ್ತಿದ್ದ. ಅವನ ಎಡಗೈ ಕಾಣುತ್ತಿತ್ತು. ಬೆರಳುಗಳು ಜೇಡನ ಕಾಲಿನಂತೆ ಮೇಲೆ ಕೆಳಗೆ ಓಡುತ್ತಿದ್ದವು. ಬಲಗೈ ಮಾತ್ರ ಎಷ್ಟು ದಿಟ್ಟಿಸಿದರೂ ಕಾಣಲಿಲ್ಲ. ಮಣಿಕಟ್ಟಿನವರೆಗೆ ಇತ್ತು, ಅಲ್ಲಿಂದ ಮುಂದೆ ಬರೀ ಮಸುಕು. ಆ ಮಸುಕಿನಿಂದ ಸ್ವರಗಳು ಹುರಿಗಾಳಿನಂತೆ ಸಿಡಿಯುತ್ತಿದ್ದವು.

ಆವಯ್ಯನಿಗೆ ಬಲಗೈ ಇಲ್ಲವಾ ಎಂದು ಅಕ್ಕನನ್ನು ಕೇಳಿದೆ.

“ಐತೆ ಕಣ್ಲಾ. ಕಾಣ್ದಂಗೆ ಓಡ್ತೈತೆ,” ಅಂದಳು. ಹಾಗೆ ಅನ್ನುವಾಗ ಅವಳ ಬಾಯಿ ತೆರೆದೇ ಇತ್ತು. ನನ್ನ ಕಾಲು ಹಿಡಿದಿದ್ದ ಕೈ ಸಡಿಲವಾಗಿ ನಾನು ಇನ್ನೇನು ಬೀಳಬೇಕಿತ್ತು.

ನನಗೆ ಜೀವನದಲ್ಲಿ ದೊಡ್ಡ ದೊಡ್ಡ ಬೆರಗುಗಳು ಬಂದಿಲ್ಲ. ನಾನು ಸಮುದ್ರ ನೋಡಿದ್ದೇ ಮದುವೆಯಾದ ಮೇಲೆ, ಅಲ್ಲೂ ಚಪ್ಪಲಿ ಕಾಯುವುದರಲ್ಲೇ ಹೊತ್ತು ಹೋಯಿತು. ಆದರೆ ಆ ಕಾಣದ ಕೈ ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಕೈಯ ವೇಗ ಎನ್ನುವುದು ನಮ್ಮ ಮನೆಗೆ ಹೊಸದೇನೂ ಆಗಿರಲಿಲ್ಲ. ಮೊದಲ ಮಳೆಗೆ ಮುಂಚೆ ಬಿತ್ತನೆಗೆ ಕಡಲೆಕಾಯಿ ಸುಲಿಯುವ ಕಾಲ ಬರುತ್ತಿತ್ತು. ಮಿಷನ್ನಿಗೆ ಕೊಟ್ಟರೆ ಬೀಜದ ಮೇಲಿನ ಕೆಂಪು ಸಿಪ್ಪೆ ಹರಿಯುತ್ತದೆ, ಸಿಪ್ಪೆ ಹರಿದ ಬೀಜ ಮೊಳೆಯುವುದಿಲ್ಲ. ಆದ್ದರಿಂದ ಕೈಯಲ್ಲೇ ಆಗಬೇಕು. ಕಾಯಿಗೆ ನೀರು ಚಿಮುಕಿಸಿ, ನಡುಮನೆಯಲ್ಲಿ ರಾಶಿ ಸುರಿದು, ಅಕ್ಕಪಕ್ಕದವರನ್ನೂ ಕರೆದು, ಮಕ್ಕಳನ್ನೆಲ್ಲ ಸುತ್ತ ಕೂರಿಸುತ್ತಿದ್ದರು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಯಿ ಹಿಡಿದು ಮೂತಿ ಅದುಮಿದರೆ ಚಟ್ ಅಂತ ಬಾಯಿ ಬಿಡುತ್ತದೆ.

ಮಕ್ಕಳು ಕಡಲೆಕಾಯಿ ರಾಶಿಯ ಪಕ್ಕ ಕೂತರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಹೊಲಕ್ಕಿಂತ ಹೆಚ್ಚು ಬಿತ್ತನೆ ಹೊಟ್ಟೆಯಲ್ಲೇ ಆಗುತ್ತದೆ. ಅದಕ್ಕೆ ನಮ್ಮಜ್ಜಿ ಒಂದು ಉಪಾಯ ಮಾಡಿದ್ದಳು. ಸುಲಿಯುವವರೆಲ್ಲ ಹಾಡಬೇಕು. ಹಾಡುವ ಬಾಯಿ ಜಗಿಯಲಾರದು. ಅಜ್ಜಿಗೆ ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಬಲು ಚುರುಕು. ಅಷ್ಟೂ ಜನರ ಕೂಗಾಟದಲ್ಲಿ ಯಾವುದಾದರೂ ಒಂದು ದನಿ ನಿಂತರೆ ಸಾಕು, ಗೋಡೆಗೆ ಒರಗಿ ಕೂತಿದ್ದವಳು ಅಲ್ಲಿಂದಲೇ, ಯಾರೋ ಅದು ಎಂದು ತೆಲುಗು ಬೆರೆಸಿ ಕೇಳುತ್ತಿದ್ದಳು:

“ಎವುರ್ರಾ ಅದು, ಬಾಯಿ ನಿಂತಿರೋದು?”

ಹಾಡು ಅಂದರೆ ಅದೇನು ದೊಡ್ಡ ಹಾಡಲ್ಲ. ‘ಕಾಯೊಳಗೆ ಯಾರವ್ರೆ, ಕಾಯೊಳಗೆ ಇಬ್ರವ್ರೆ, ಕದ ತೆಗೀರಪ್ಪ ಅಕ್ಕ ತಮ್ಮ’ ಎಂದು ಸುತ್ತಿ ಸುತ್ತಿ ಅದನ್ನೇ ಹೇಳುವುದು. ‘ತೆಗೀ’ ಅನ್ನುವಾಗ ಎಲ್ಲರ ಕೈಯಲ್ಲೂ ಕಾಯಿ ಚಟ್ ಅನ್ನಬೇಕು. ಅಜ್ಜಿ ತೊಡೆ ತಟ್ಟಿ ಲೆಕ್ಕ ಹಾಕುತ್ತಿದ್ದಳು. ಮೊದಮೊದಲು ನಿದ್ದೆ ಬರುವಷ್ಟು ನಿಧಾನ. ನಮಗೇ ಗೊತ್ತಾಗದ ಹಾಗೆ ತಟ್ಟು ಬಿರುಸಾಗುತ್ತಾ ಹೋಗುತ್ತಿತ್ತು, ಹಿಂದೆಯೇ ಬಾಯಿ, ಬಾಯಿಯ ಹಿಂದೆ ಕೈ.

ಆ ಸಾಲಿನಲ್ಲಿ ನನ್ನ ಅಕ್ಕ ರತ್ನಳ ಕೈಗೆ ಯಾರದೂ ಸಾಟಿಯಿಲ್ಲ. ನಾವು ಒಂದು ಕಾಯಿಗೆ ತಿಣುಕುವಷ್ಟರಲ್ಲಿ ಅವಳ ಮೊರದಲ್ಲಿ ಬೀಜ ಗುಡ್ಡೆಯಾಗುತ್ತಿತ್ತು, ಒಂದರ ಸಿಪ್ಪೆಯೂ ಹರಿಯದೆ. ಜೊತೆಗೆ ಅವಳಷ್ಟು ತಿನ್ನುತ್ತಿದ್ದವರೂ ಇಲ್ಲ. ಸಾಲಿನ ಕೊನೆಯ ‘ಅಕ್ಕ ತಮ್ಮ’ ಮುಗಿದು ಮುಂದಿನ ‘ಕಾಯೊಳಗೆ’ ಹಿಡಿಯುವ ಸಣ್ಣ ಸಂದಿನಲ್ಲಿ ಕೈ ಬಾಯಿಗೆ ಹೋಗಿ ಬಂದಿರುತ್ತಿತ್ತು. ಆದರೆ ಜಗಿಯಬೇಕಲ್ಲ? ಅಲ್ಲಿ ಸಿಕ್ಕಿಬೀಳುತ್ತಿದ್ದಳು. ಅಜ್ಜಿ ಎವುರ್ರಾ ಅಂದ ಕೂಡಲೇ ನುಂಗಿ, ಬಲು ಸಂಪನ್ನಳಂತೆ ಉತ್ತರ ಕೊಡುತ್ತಿದ್ದಳು: “ಜೊಳ್ಳಾಗಿತ್ತು ಕಣಜ್ಜಿ.” ಸುಕ್ಕಿದ ಜೊಳ್ಳು ಬೀಜ ಬಿತ್ತನೆಗೆ ಬರುವುದಿಲ್ಲ, ಅದನ್ನು ತಿನ್ನಲು ಪರವಾನಗಿ ಇತ್ತು. ಇಡೀ ರಾಶಿಯ ಜೊಳ್ಳೆಲ್ಲ ಹುಡುಕಿಕೊಂಡು ನನ್ನ ಅಕ್ಕನ ಕೈಗೇ ಹೇಗೆ ಬರುತ್ತಿತ್ತೋ ದೇವರಿಗೇ ಗೊತ್ತು.

ಈಗ ನೇರವಾಗಿ ಐವತ್ತು ದಾಟಿದ ನನ್ನ ಹತ್ತಿರ ಬನ್ನಿ. ಮಧುಗಿರಿಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಒಮ್ಮೆ ಸಿರಾದಲ್ಲಿ ಮಿಕ್ಸಿ ರಿಪೇರಿಗೆಂದು ಒಂದು ಸಣ್ಣ ಅಂಗಡಿಗೆ ಹೋದೆ. ಗೋಡೆಯಲ್ಲಿ ಗಿಟಾರ್ ನೇತುಬಿದ್ದಿತ್ತು, ಪಕ್ಕದಲ್ಲಿ ಮಾಸಿದ ಫೋಟೊ. ಫೋಟೊದಲ್ಲಿ ಅದೇ ಮಿಣಮಿಣ ಅಂಗಿ. ಮಿಕ್ಸಿಯ ಹೊಟ್ಟೆ ಬಿಚ್ಚುತ್ತಿದ್ದ, ಗಡ್ಡ ಪೂರ್ತಿ ಬಿಳಿಯಾದ ಆ ಮನುಷ್ಯನೇ ಶಬ್ಬೀರ್ ಮಾಸ್ತರು. ಆರ್ಕೆಸ್ಟ್ರಾ ಯಾವಾಗಲೋ ಮುಚ್ಚಿಹೋಗಿತ್ತು. ಭಾನುವಾರ ಭಾನುವಾರ ನಾಲ್ಕಾರು ಹುಡುಗರಿಗೆ ಕಲಿಸುತ್ತಿದ್ದರು. ನನಗೂ ಕಲಿಸಿ ಎಂದೆ. ಯಾರಿಗೆ, ಮಗನಿಗಾ ಎಂದು ಕೇಳಿದರು. ನನಗೇ ಎಂದಾಗ ಸ್ಕ್ರೂ ಡ್ರೈವರ್ ಕೆಳಗಿಟ್ಟು ನನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಏನು ಕಂಡರೋ, ಬನ್ನಿ ಎಂದರು.

ಮಾತು ಬಂದಾಗ ಎರಡು ವಿಷಯ ಹೇಳಿಬಿಡುತ್ತೇನೆ. ಗಿಟಾರಿನಲ್ಲಿ ಎಡಗೈ ಕೆಲಸ ಕಷ್ಟ ಎಂದು ನೋಡುವವರು ತಿಳಿಯುತ್ತಾರೆ. ನಿಜವಾದ ತಪಸ್ಸು ಬಲಗೈಯದು. ಕೆಳಗೊಂದು ಮೀಟು, ಮೇಲೊಂದು ಮೀಟು, ಅಷ್ಟೇ. ಆದರೆ ಅದು ಸಮವಾಗಿ, ಬೇಗ ಬೇಗ, ಹಾಡು ಮುಗಿಯುವವರೆಗೂ ನಿಲ್ಲದೆ ಆಗಬೇಕು. ನಾನು ಶುರು ಮಾಡಿದ ಅರ್ಧ ನಿಮಿಷಕ್ಕೆ ಮುಂಗೈ ಉರಿಯುತ್ತಿತ್ತು, ಭುಜ ಕಿವಿಗೆ ಬಂದು ತಾಗುತ್ತಿತ್ತು, ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು. ಗಿಟಾರ್ ಕಲಿಯಲು ಹೋಗಿ ದವಡೆ ನೋವಿಗೆ ಮುಲಾಮು ತಂದವನು ಮಧುಗಿರಿ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಇದಲ್ಲದೆ ಇನ್ನೊಂದು ವಿಚಿತ್ರ. ಬಾರಿಸುತ್ತಾ ಬಾರಿಸುತ್ತಾ ವೇಗ ಬಂದಿತು ಅನ್ನುವಾಗ ನನ್ನ ಬೆರಳುಗಳ ನಡುವಿನ ಪಿಕ್ ಚಟ್ ಅಂತ ಸಿಡಿದು ದೂರ ಬೀಳುತ್ತಿತ್ತು. ಕೆಲವು ಮುರಿದೇ ಹೋದವು. ಮಾಸ್ತರು ಒಂದು ಭಾನುವಾರ ಕುರ್ಚಿ ಎಳೆದುಕೊಂಡು ಹತ್ತಿರ ಬಂದು, ನನ್ನ ಹೆಬ್ಬೆರಳನ್ನೇ ನೋಡುತ್ತಾ ಕೂತರು. ಆಮೇಲೆ ನನ್ನ ಊರು ಯಾವುದು ಎಂದು ಕೇಳಿದರು. ಪಾವಗಡದ ಕಡೆ ಎಂದೆ. ನಗು ತಡೆಯಲಾರದೆ ಗಡ್ಡ ಹಿಡಿದುಕೊಂಡರು.

“ಸಾರ್, ನೀವು ಗಿಟಾರ್ ಬಾರಿಸ್ತಾ ಇಲ್ಲ, ಕಳ್ಳೆಕಾಯಿ ಸುಲೀತಾ ಇದೀರಾ.”

ಹೌದಲ್ಲ! ಹೆಬ್ಬೆರಳು ತೋರುಬೆರಳಿನ ನಡುವೆ ಚಪ್ಪಟೆಯಾದದ್ದು ಏನಾದರೂ ಬಂದರೆ ಅದರ ಮೂತಿ ಅದುಮಬೇಕು ಎಂದು ಚಿಕ್ಕಂದಿನಲ್ಲೇ ಕೈ ಕಲಿತುಬಿಟ್ಟಿದೆ. ನಾನು ಮರೆತರೂ ಕೈ ಮರೆತಿಲ್ಲ. ಹಾಡಿನಲ್ಲಿ ‘ತೆಗೀ’ ಬರುವಷ್ಟು ದೂರಕ್ಕೆ ಸರಿಯಾಗಿ ಅದು ತನ್ನ ಪಾಡಿಗೆ ತಾನು ಒಂದು ಕಾಯಿ ಒಡೆಯುತ್ತಿತ್ತು. ಬೇರೆ ಜಿಲ್ಲೆಯ ಯಾವ ಕಲಿಯುವವನಿಗೂ ಈ ಕಾಯಿಲೆ ಇರಲಾರದು.

ಮಾಸ್ತರು ಗಿಟಾರ್ ತೆಗೆದುಕೊಂಡು ನನ್ನ ಮೂಗಿನ ಕೆಳಗೇ ಬಾರಿಸಿ ತೋರಿಸಿದರು. ಅದೇ ಹುರಿಗಾಳಿನ ಸದ್ದು. ಇಷ್ಟು ಹತ್ತಿರದಿಂದ ಮೊದಲ ಸಲ ಆ ಬಲಗೈಯನ್ನು ಕಂಡೆ. ಕಂಡು ದಂಗಾದೆ. ಅದು ಅಲ್ಲಾಡುತ್ತಲೇ ಇರಲಿಲ್ಲ ಅನ್ನಬೇಕು. ಪಿಕ್ಕಿನ ತುದಿ ತಂತಿಯ ಆಚೆಗೊಂದು ಎಳೆ, ಈಚೆಗೊಂದು ಎಳೆ, ಅಷ್ಟೇ ಹೋಗಿ ಬರುತ್ತಿತ್ತು. ಮಣಿಕಟ್ಟು ನಿದ್ದೆ ಹೋದ ಮಗುವಿನ ಕೈಯಷ್ಟು ಮೆತ್ತಗಿತ್ತು. ಬಾರಿಸುತ್ತಲೇ ನನ್ನ ಜೊತೆ ಮಾತಾಡಿದರು, ಅಂಗಡಿಗೆ ಬಂದವರಿಗೆ ಉತ್ತರ ಕೊಟ್ಟರು, ಕೈ ನಿಲ್ಲಲಿಲ್ಲ. “ಜೋರ್ ನಕ್ಕೋ ಸಾರ್, ಜೋರು ಬ್ಯಾಡ. ಕೈಗೆ ಆರಾಮ್ ಕೊಡಿ. ಇಸ್ಪೀಡು ತಾನೇ ಬರ್ತದೆ, ನೀವು ಕರೀಬ್ಯಾಡಿ,” ಎಂದರು. ಬಾಯಲ್ಲಿ ಚೆನ್ನಾಗಿ ಕೂತಿರುವ ಒಂದು ಹಾಡು ತೆಗೆದುಕೊಂಡು, ಫೋನಿನಲ್ಲಿ ತಾಳದ ಟಿಕ್ ಟಿಕ್ ಇಟ್ಟುಕೊಂಡು, ನಾಚಿಕೆಯಾಗುವಷ್ಟು ನಿಧಾನ ಬಾರಿಸಿ. ಕೈ ಬಿಗಿಯಾದ ಕೂಡಲೇ ನಿಲ್ಲಿಸಿ, ಒದರಿ, ಮತ್ತೆ ಶುರು ಮಾಡಿ. ಕೈಯೇ ಕೇಳುವವರೆಗೂ ಟಿಕ್ ಟಿಕ್ಕಿನ ವೇಗ ಏರಿಸಬೇಡಿ ಎಂದು ಪಾಠ ಕೊಟ್ಟು ಕಳಿಸಿದರು.

ಕೇಳುವುದಕ್ಕೆ ಇದು ಸುಲಭ. ನಮ್ಮ ಮಧುಗಿರಿ ಬೆಟ್ಟಕ್ಕೆ ಭಾನುವಾರ ಬೆಂಗಳೂರಿನಿಂದ ಬರುವ ಹುಡುಗರನ್ನು ನೋಡಿದ್ದೀರಲ್ಲ, ಒಳ್ಳೊಳ್ಳೆ ಶೂ ಹಾಕಿಕೊಂಡು ಮೊದಲ ಮೆಟ್ಟಿಲುಗಳನ್ನು ಓಡಿ ಹತ್ತಿ, ಬರೀ ಬಂಡೆ ಶುರುವಾಗುವಲ್ಲಿ ಕಂಬಿ ತಬ್ಬಿಕೊಂಡು ಕೂತುಬಿಡುತ್ತಾರೆ. ನಿಧಾನ ಹತ್ತಿ ಎಂದು ಕೆಳಗಿನ ಎಳನೀರಿನವನಿಂದ ಹಿಡಿದು ಎಲ್ಲರೂ ಹೇಳಿರುತ್ತಾರೆ. ನಾನೂ ಹೇಳಿದ್ದೇನೆ. ಗಿಟಾರ್ ಹಿಡಿದ ಮೇಲೆ ನಾನೂ ಅವರಂತೆಯೇ ಓಡಿದೆ. ಮಾಸ್ತರು ಹೇಳಿದ ನಿಧಾನವನ್ನು ಎರಡು ದಿನ ಇಟ್ಟುಕೊಂಡೆ, ಮೂರನೆಯ ದಿನ ಟಿಕ್ ಟಿಕ್ಕನ್ನು ಕುದುರೆ ಓಟಕ್ಕೆ ಏರಿಸಿ ಮತ್ತೆ ಚಟ್ ಚಟ್ ಪಿಕ್ ಸಿಡಿಸತೊಡಗಿದೆ. ಬೀರುವಿನ ಕೆಳಗೆ, ಲಲಿತಳ ಸಾರಿನ ಪುಡಿಯ ಹತ್ತಿರ, ಕೊನೆಗೆ ಮಕ್ಕಳ ಉತ್ತರಪತ್ರಿಕೆಗಳ ನಡುವೆಯೂ ಪಿಕ್ ಸಿಗುತ್ತಿದ್ದವು.

ಹೀಗಿರುವಾಗ ಪಾವಗಡದಿಂದ ಫೋನ್ ಬಂತು. ರೊಟ್ಟಿ ತಟ್ಟುತ್ತಿದ್ದ ರತ್ನಕ್ಕನ ಕೈ ರೊಟ್ಟಿಯ ಮೇಲೆಯೇ ಬಿದ್ದುಬಿಟ್ಟಿತ್ತು. ಎತ್ತಲು ಹೋದರೆ ಬರಲಿಲ್ಲವಂತೆ. ಪಾರ್ಶ್ವವಾಯು. ಆಸ್ಪತ್ರೆ, ಸ್ಕ್ಯಾನ್, ಔಷಧಿ ಎಲ್ಲ ಆಗಿ, ಕೈಕಾಲಿಗೆ ವ್ಯಾಯಾಮ ಮಾಡಿಸುವವರು ಮಧುಗಿರಿಯಲ್ಲಿ ಇದ್ದಾರೆಂದು ನಮ್ಮ ಮನೆಗೇ ಕರೆತಂದೆವು. ಕಾಲು ಬೇಗ ಮಾತು ಕೇಳಿತು, ಕೋಲು ಹಿಡಿದು ಓಡಾಡತೊಡಗಿದಳು. ಭುಜ, ಮೊಣಕೈ ಕೂಡ ಒಂದಿಷ್ಟು ಬಂದವು. ಬೆರಳುಗಳು ಮಾತ್ರ ಬರಲಿಲ್ಲ. ಕಡಲೆಕಾಯಿ ರಾಶಿಯನ್ನು ಆಡಾಡುತ್ತಾ ಕರಗಿಸಿದ ಬಲಗೈ ಮಡಿಲಲ್ಲಿ ಯಾರೋ ಇಟ್ಟು ಮರೆತುಹೋದ ವಸ್ತುವಿನಂತೆ ಬಿದ್ದಿರುತ್ತಿತ್ತು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ಅವಳಿಗೆ ನಡೆಯುವುದರ ಚಿಂತೆ ಇರಲಿಲ್ಲ, ಕೆಲಸದ ಚಿಂತೆಯೂ ಇರಲಿಲ್ಲ. ಇದ್ದದ್ದು ಊಟದ್ದು. ಎಡಗೈಗೆ ಚಮಚ ಕೊಟ್ಟೆವು. ಮೊದಲ ದಿನವೇ ತಟ್ಟೆ ಎತ್ತಿಕೊಂಡು ಒಳಕೋಣೆಗೆ ಹೋಗಿ, ಗೋಡೆಗೆ ಮುಖ ಮಾಡಿ ಉಂಡಳು. ಅಲ್ಲಿಂದಾಚೆಗೆ ಅದೇ ರೂಢಿಯಾಯಿತು. ಒಮ್ಮೆ ಬಲಗೈಯಲ್ಲಿ ಮುದ್ದೆ ಮುರಿಯಲು ನೋಡಿದಳು. ತುತ್ತು ಬೆರಳ ಸಂದಿಯಿಂದ ಸೀರೆಯ ಮೇಲೆ ಬಿತ್ತು. ಲಲಿತ ತಾನು ತುತ್ತು ಕೊಡುತ್ತೇನೆಂದರೆ ಆ ದಿನ ಊಟವನ್ನೇ ಬಿಟ್ಟಳು. ನಮ್ಮ ಭಾವ ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು, ಪಕ್ಕದಲ್ಲಿ ಕೂತು, ಇನ್ನು ಊರಿಗೆ ಹೋಗೋಣ ಬಾ, ಅಲ್ಲೇ ವಾಸಿಯಾಗುತ್ತೆ ಎಂದು ಮೆಲ್ಲಗೆ ಕರೆಯುತ್ತಿದ್ದರು.

“ಎಡಗೈಲಿ ಉಣ್ಕಂಡು ಊರಿಗೆ ಬರಾಕಿಲ್ಲ. ನಾಕು ಜನದ ಜತೆ ಪಂಕ್ತೀಲಿ ಹೆಂಗೆ ಕೂರ್ಲಿ? ಈ ಕೈಯಿ ಬಾಯಿಗೆ ಬರೋಗಂಟ ಬರಲ್ಲ, ನೀನು ಹೋಗು,” ಎಂದು ಅವಳು ಒಂದೇ ಮಾತು ಹೇಳಿ ಗೋಡೆ ನೋಡುತ್ತಿದ್ದಳು. ಭಾವ ಟೀ ಕುಡಿದು ಎದ್ದು ಹೋಗುತ್ತಿದ್ದರು. ಅವರ ಚೀಲದಲ್ಲಿ ಅವಳಿಗೆಂದು ತಂದು, ಅವಳು ಮುಟ್ಟದೆ ಬಿಟ್ಟ ಒಬ್ಬಟ್ಟೋ ಕಜ್ಜಾಯವೋ ಹಾಗೇ ಇರುತ್ತಿತ್ತು.

ವ್ಯಾಯಾಮದವರು ಬೆರಳಿಗೆಂದು ಬಟ್ಟೆ ಕ್ಲಿಪ್ಪು ಕೊಟ್ಟಿದ್ದರು, ಅದುಮಿ ಬಿಡಬೇಕು ಎಂದು. ಇದೇನು ನನ್ನನ್ನು ಬಟ್ಟೆ ಒಣಗಿಸಲು ಕರೆಸಿಕೊಂಡಿದ್ದೀರಾ ಎಂದು ಅಕ್ಕ ಅದನ್ನು ಕಿಟಕಿಯಾಚೆ ಹಾಕಿದಳು.

ಮಲಗುವ ಕೋಣೆ ಅಕ್ಕನಿಗೆ ಹೋದದ್ದರಿಂದ ನನ್ನ ಗಿಟಾರ್ ನಡುಮನೆಗೆ ಬಂತು. ಸಂಜೆ ಶಾಲೆಯಿಂದ ಬಂದು ಟಿಕ್ ಟಿಕ್ ಹಚ್ಚಿ ಕೂರುತ್ತಿದ್ದೆ. ಅಕ್ಕ ದಿವಾನದ ಮೇಲೆ ಕೂತು ಕೇಳುವಳು. ಹಲ್ಲಿ ಲೊಚಗುಟ್ಟಿದಂತೆ ಏನೋ ಅದು, ಸುಮ್ಮನೆ ಯಾವುದಕ್ಕೋ ಹೌದು ಹೌದು ಅಂತೈತಲ್ಲ ಎಂದು ನಗಾಡಿದಳು. ಅವಳು ನಕ್ಕು ಬಹಳ ದಿನವಾಗಿತ್ತು. ಬಾಯಲ್ಲಿ ಕೂತ ಹಾಡು ಎಂದಿದ್ದರಲ್ಲ ಮಾಸ್ತರು, ನನಗೆ ಬಾಯಲ್ಲಿ ಕೂತದ್ದು ಒಂದೇ. ಪ್ರತಿ ಸ್ವರವನ್ನೂ ಮೇಲೆ ಕೆಳಗೆ ಮೀಟುತ್ತಾ ತಡವರಿಸಿಕೊಂಡು ಅದನ್ನೇ ಬಾರಿಸುತ್ತಿದ್ದೆ.

“ಅದು ಅಜ್ಜಿ ಪದ ಅಲ್ವೇನ್ಲಾ?” ಅಂದಳು ಅಕ್ಕ. ಆಮೇಲೆ ಕೊಂಚ ತೊದಲುವ ನಾಲಿಗೆಯಲ್ಲಿ, ಟಿಕ್ ಟಿಕ್ಕಿನ ಜೊತೆ ಮೆಲ್ಲಗೆ ಹಾಡತೊಡಗಿದಳು. ಕಾಯೊಳಗೆ ಯಾರವ್ರೆ.

ನಾನು ತಂತಿ ನೋಡುತ್ತಾ ಬಾರಿಸುತ್ತಿದ್ದವನು ಒಮ್ಮೆ ಕಣ್ಣೆತ್ತಿದೆ. ಮಡಿಲಲ್ಲಿದ್ದ ಅವಳ ಬಲಗೈಯ ಹೆಬ್ಬೆರಳು ತೋರುಬೆರಳನ್ನು ಸವರುತ್ತಿತ್ತು. ‘ತೆಗೀ’ ಬಂದಾಗ ಒಂದು ಸಣ್ಣ ಒತ್ತು. ಮತ್ತೆ ಸುಮ್ಮನೆ. ಮತ್ತೆ ‘ತೆಗೀ’ ಬಂದಾಗ ಇನ್ನೊಂದು ಒತ್ತು. ಅವಳಿಗೆ ಅದು ಗೊತ್ತೇ ಇರಲಿಲ್ಲ. ವೈದ್ಯರು ಕೇಳಿದಾಗ ಅಲ್ಲಾಡದ ಬೆರಳು, ಅವಳೇ ಬೇಡಿಕೊಂಡರೂ ಅಲ್ಲಾಡದ ಬೆರಳು, ಅಜ್ಜಿ ಕರೆದರೆ ಎದ್ದು ಬರುತ್ತಿತ್ತು. ಹೇಳಿದರೆ ಎಲ್ಲಿ ನಿಂತುಬಿಡುತ್ತದೋ ಎಂದು ಬಾರಿಸುತ್ತಲೇ ಹೋದೆ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಲಲಿತಳೂ ನೋಡಿದಳು.

ಮಾರನೆಯ ಸಂಜೆ ಲಲಿತ ನೀರು ಚಿಮುಕಿಸಿದ ಕಡಲೆಕಾಯಿಯನ್ನು ಮೊರದಲ್ಲಿ ಹಾಕಿ ತಂದು, ಚಟ್ನಿಗೆ ಬೇಕು, ಆದಷ್ಟು ಬಿಡಿಸಿಕೊಡು ಎಂದು ಅಕ್ಕನ ಮಡಿಲಿಗಿಟ್ಟು, ಮುಖ ತೋರಿಸದೆ ಒಳಗೆ ಹೋದಳು. ಅಕ್ಕ ಬೈದಳು. ಆದರೆ ಮೊರ ಪಕ್ಕಕ್ಕಿಡಲಿಲ್ಲ.

ಮೊದಲ ಕೆಲವು ವಾರ ಕಾಯಿ ಬೆರಳಿನಲ್ಲಿ ನಿಂತರೆ ಅದೇ ದೊಡ್ಡದು. ಆಮೇಲೆ ನಿಲ್ಲುತ್ತಿತ್ತು, ಒಡೆಯುತ್ತಿರಲಿಲ್ಲ. ಈ ದಿನಗಳಲ್ಲಿ ನಾನು ಟಿಕ್ ಟಿಕ್ಕನ್ನು ಒಂಚೂರು ಏರಿಸಿದರೂ ಅಕ್ಕ ಗದರುತ್ತಿದ್ದಳು. “ಇಳ್ಸ್ಲಾ. ಎಲ್ಲಿಗೆ ಓಡ್ತೀಯಾ?” ನಾನು ಇಳಿಸುತ್ತಿದ್ದೆ. ಶಬ್ಬೀರ್ ಮಾಸ್ತರು ತಲೆ ಚಚ್ಚಿಕೊಂಡು ಹೇಳಿದರೂ ಕೇಳದವನು ಅಕ್ಕನ ಬೆರಳಿಗೋಸ್ಕರ ನಾಚಿಕೆಯಾಗುವಷ್ಟು ನಿಧಾನ ಬಾರಿಸಿದೆ. ಒಂದೊಂದು ಮೀಟೂ ಕೇಳಿಸುವಷ್ಟು ನಿಧಾನ. ಅಷ್ಟು ನಿಧಾನದಲ್ಲಿ ಕೈ ಎಲ್ಲಿ ಬಿಗಿಯುತ್ತದೆ, ಮೊಣಕೈ ಯಾವಾಗ ಸುಮ್ಮಸುಮ್ಮನೆ ನಡುವೆ ಬರುತ್ತದೆ, ಪಿಕ್ ಎಷ್ಟು ದೂರ ಕಾರಣವಿಲ್ಲದೆ ಅಲೆಯುತ್ತದೆ ಎಲ್ಲ ಕಾಣುತ್ತಿತ್ತು. ಸಿಪ್ಪೆ ಹರಿಯದ ಹಾಗೆ ಬೀಜ ಹಿಡಿಯುವ ಹಿಡಿತವೊಂದು ಇದೆಯಲ್ಲ, ಕಾಯಿ ಒಡೆದ ಮೇಲಿನ ಹಿಡಿತ, ಪಿಕ್ಕಿಗೆ ಬೇಕಾದದ್ದು ಅದು ಎಂದು ಅಕ್ಕನ ಕೈ ನೋಡುತ್ತಾ ನೆನಪಾಯಿತು. ನನ್ನ ಕೈಗೆ ಒಡೆಯುವುದು ನೆನಪಿತ್ತು, ಹಿಡಿಯುವುದು ಮರೆತುಹೋಗಿತ್ತು.

ಮೊದಲ ಕಾಯಿ ಚಟ್ ಅಂದ ದಿನ ಅಕ್ಕ ಒಡೆದ ಕಾಯಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಆಮೇಲೆ ದಿನಕ್ಕೊಂದಿಷ್ಟು ಬೀಜ ಮೊರಕ್ಕೆ ಬೀಳತೊಡಗಿದವು. ಒಂದು ದಿನ ಅವಳೇ, “ವಸಿ ಏರ್ಸು ಬುಡು,” ಅಂದಳು. ಏರಿಸಿದೆ. ಊಟಕ್ಕೆ ಮಾತ್ರ ಅದೇ ಚಮಚ, ಅದೇ ಒಳಕೋಣೆ, ಅದೇ ಗೋಡೆ. ಕಾಯಿ ಒಡೆಯುವುದು ಬೇರೆ, ತುತ್ತು ಎತ್ತುವುದು ಬೇರೆ. ಮುದ್ದೆ ನೋಡಿದರೆ ಸಾಕು, ಸೀರೆಯ ಮೇಲೆ ಬಿದ್ದ ಆ ತುತ್ತನ್ನು ನೆನೆಸಿಕೊಂಡು ಅವಳ ಕೈ ಮುದುಡುತ್ತಿತ್ತು. ಭಾವ ಬರುತ್ತಿದ್ದರು, ಟೀ ಕುಡಿಯುತ್ತಿದ್ದರು, ಹೋಗುತ್ತಿದ್ದರು. ನನಗೆ ಒಳಗೊಳಗೆ ಹೆದರಿಕೆ ಶುರುವಾಗಿತ್ತು. ಕೈ ಇಷ್ಟಕ್ಕೇ ನಿಂತರೆ ಈ ಹಟಮಾರಿ ಇನ್ನು ಜೀವಮಾನವೆಲ್ಲ ಗೋಡೆ ನೋಡುತ್ತಾ ಉಣ್ಣುತ್ತಾಳಲ್ಲ ಅಂತ.

ಆ ಸಂಜೆ ಹೊರಗೆ ಗಾಳಿ ಎದ್ದು ಧೂಳು ಹಾರುತ್ತಿತ್ತು. ಕಿಟಕಿ ಮುಚ್ಚಿ ಕೂತೆವು. ಅಕ್ಕ ಮೊರವನ್ನು ತೊಡೆಯ ಮೇಲಿಟ್ಟು, ಜಾರದಂತೆ ಅದರ ಅಂಚನ್ನು ಎಡಗೈಯಲ್ಲಿ ಹಿಡಿದಿದ್ದಳು. ಟಿಕ್ ಟಿಕ್, ಗಿಟಾರ್, ಅಕ್ಕನ ಹಾಡು, ಚಟ್ ಚಟ್. ಏರ್ಸು ಅಂದಳು, ಏರಿಸಿದೆ. ಸ್ವಲ್ಪ ಹೊತ್ತಿಗೆ ಇನ್ನೂ ಏರ್ಸು ಅಂದಳು. ಏರಿಸಿ ಅವಳ ಬೆರಳುಗಳನ್ನೇ ನೋಡುತ್ತಾ ಬಾರಿಸಿದೆ. ಕಾಯಿ ಬರುತ್ತಿತ್ತು, ಒಡೆಯುತ್ತಿತ್ತು, ಬೀಜ ಬೀಳುತ್ತಿತ್ತು. ಹಳೆಯ ವೇಗದ ಕಾಲು ಭಾಗವೂ ಅಲ್ಲ, ಆದರೆ ಆ ನಡಿಗೆ ಅದೇ, ಆ ಬಳುಕು ಅದೇ. ಎಷ್ಟು ಹೊತ್ತು ಹಾಗೆ ನೋಡಿದೆನೋ ಗೊತ್ತಿಲ್ಲ. ನನ್ನ ಕೈಯ ನೆನಪೇ ನನಗಿರಲಿಲ್ಲ. ಆಮೇಲೆ ತಟ್ಟನೆ ಹೊಳೆಯಿತು: ಮುಂಗೈ ಉರಿಯುತ್ತಿಲ್ಲ. ಭುಜ ಕಿವಿಗೆ ಬಂದಿಲ್ಲ. ದವಡೆ ಸಡಿಲವಾಗಿದೆ. ಬಗ್ಗಿ ನೋಡಿದರೆ ನನ್ನ ಬಲಗೈ ತಂತಿಯ ಮೇಲೆ ತನ್ನ ಪಾಡಿಗೆ ತಾನು ಹೋಗಿ ಬರುತ್ತಿತ್ತು, ಅಲ್ಲಾಡುತ್ತಿದೆಯೋ ಇಲ್ಲವೋ ಅನ್ನುವ ಹಾಗೆ. ತಂತಿಯಿಂದ ಹುರಿಗಾಳಿನ ಸದ್ದು ಬರುತ್ತಿತ್ತು. ಅದು ನನ್ನಿಂದ ಬರುತ್ತಿದೆ ಎಂದು ನಂಬಲು ನನಗೆ ಧೈರ್ಯ ಸಾಲಲಿಲ್ಲ. ಗೋಡೆಯ ಮೇಲೆ ಕೂತಿದ್ದ ಆ ಹುಡುಗನಾಗಿ ನನ್ನ ಕೈಯನ್ನೇ ಬಾಯಿ ಬಿಟ್ಟುಕೊಂಡು ನೋಡಿದೆ.

ಆಗ ಹಾಡು ನಿಂತಿತು.

ಟಿಕ್ ಟಿಕ್ ಇತ್ತು, ಗಿಟಾರ್ ಇತ್ತು, ಅಕ್ಕನ ದನಿ ಇರಲಿಲ್ಲ. ಮತ್ತೆ ಏನಾಯಿತೋ ಎಂದು ತಲೆಯೆತ್ತಿದೆ. ಅಕ್ಕ ನೆಟ್ಟಗೆ ಕೂತಿದ್ದಳು. ಎಡಗೈ ಮೊರದ ಅಂಚನ್ನು ಹಿಡಿದೇ ಇತ್ತು. ಬಲಗೈ ತುಟಿಯ ಹತ್ತಿರದಿಂದ ಆಗಷ್ಟೇ ಕೆಳಗಿಳಿಯುತ್ತಿತ್ತು. ತುಟಿ ಮುಚ್ಚಿತ್ತು, ದವಡೆ ಅಲ್ಲಾಡುತ್ತಿತ್ತು.

ನನ್ನ ಬೆರಳಿನಿಂದ ಪಿಕ್ ಜಾರಿ ಮೊರದಲ್ಲಿ ಎಲ್ಲೋ ಬಿತ್ತು. ಹುಡುಕಲಿಲ್ಲ. ಎಲ್ಲಿತ್ತೋ ಆ ಮಾತು, ಅಜ್ಜಿಯದೇ ದನಿಯಲ್ಲಿ ಬಂದುಬಿಟ್ಟಿತು:

“ಎವುರ್ರಾ ಅದು, ಬಾಯಿ ನಿಂತಿರೋದು?”

ಅಕ್ಕ ಗಕ್ಕನೆ ನನ್ನ ಕಡೆ ನೋಡಿದಳು. ಆಮೇಲೆ ತನ್ನ ಬಲಗೈಯನ್ನು ನೋಡಿಕೊಂಡಳು, ತಿರುಗಿಸಿ ಇನ್ನೊಂದು ಸಲ ನೋಡಿಕೊಂಡಳು. ಕಣ್ಣು ತುಂಬಿ ಬಂದವು. ಒರೆಸಿಕೊಳ್ಳಲಿಲ್ಲ. ಬಾಯಲ್ಲಿದ್ದದ್ದನ್ನು ನಿಧಾನವಾಗಿ ಪೂರ್ತಿ ಜಗಿದು ನುಂಗಿದಳು.

“ಜೊಳ್ಳಾಗಿತ್ತು ಕಣ್ಲಾ,” ಅಂದಳು.